ಕಾವಲಿನಿಂದ ಒಳಗೊಳ್ಳುವಿಕೆಯೆಡೆಗೆ: ಲೈಂಗಿಕ ದೌರ್ಜನ್ಯ ತಡೆಯ ಭಾಷಿಕ ಮತ್ತು ಸಾಮಾಜಿಕ ನೆಲೆಗಳು

೧. ಪ್ರವೇಶ

ಲೈಂಗಿಕ ದೌರ್ಜನ್ಯವನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಸಮಾಜವು ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತ ಬಂದಿದೆ. ಮೊದಲನೆಯದು ಕಾವಲು. ಹೆಣ್ಣು ಹೊತ್ತು ಮುಳುಗುವ ಮೊದಲು ಮನೆ ಸೇರಬೇಕು, ಒಬ್ಬಳೇ ಓಡಾಡಬಾರದು, ಉಡುಗೆಯಲ್ಲಿ ಎಚ್ಚರವಿರಬೇಕು ಎಂಬ ಕಟ್ಟಳೆಗಳೆಲ್ಲ ಈ ಉತ್ತರದ ರೂಪಗಳು. ಎರಡನೆಯದು ದಂಡನೆ. ಅಪರಾಧ ನಡೆದ ಮೇಲೆ ಅಪರಾಧಿಗೆ ಅತ್ಯಂತ ಕಠಿಣವಾದ ಶಿಕ್ಷೆಯನ್ನು ಕೊಟ್ಟರೆ ಉಳಿದವರು ಹೆದರುತ್ತಾರೆ ಎಂಬುದು ಇದರ ತರ್ಕ. ದಂಡನೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಎರಡೂ ಉತ್ತರಗಳು ಒಂದು ಮೂಲಭೂತ ಪ್ರಶ್ನೆಯನ್ನು ಬದಿಗೆ ಸರಿಸುತ್ತವೆ. ಕೆಲವರ ದೇಹದ ಮೇಲೆ ಕೈಮಾಡಿದರೆ ಕೇಳುವವರಿಲ್ಲ ಎಂಬ ಧೈರ್ಯವು ಇನ್ನು ಕೆಲವರಿಗೆ ಎಲ್ಲಿಂದ ಬರುತ್ತದೆ ಎಂಬುದೇ ಆ ಪ್ರಶ್ನೆ.

ಕಾವಲಿನ ತರ್ಕವು ಅಪಾಯವು ಹೊರಗಿನಿಂದ, ಅಪರಿಚಿತನಿಂದ ಬರುತ್ತದೆಯೆಂದು ಭಾವಿಸುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರವು ಪ್ರಕಟಿಸುತ್ತ ಬಂದಿರುವ ವಾರ್ಷಿಕ ವರದಿಗಳು ಇದಕ್ಕೆ ವಿರುದ್ಧವಾದ ಚಿತ್ರವನ್ನು ಕೊಡುತ್ತವೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿಯು ಹೆಣ್ಣಿಗೆ ಮೊದಲೇ ಪರಿಚಿತನಾದವನು. ಬಂಧು, ನೆರೆಯವನು, ಕೆಲಸ ಕೊಟ್ಟವನು ಅಥವಾ ಸ್ನೇಹಿತ. ೨೦೧೯-೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. ೪೪ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದುದಾಗಿ ಹೇಳಿದ್ದಾರೆ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಂತಹ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಯಾರ ನೆರವನ್ನಾದರೂ ಕೋರಿದವರು ಶೇ. ೧೪ರಷ್ಟು ಮಾತ್ರ. ಕಾವಲುಗಾರನೇ ಹಿಂಸಕನಾಗಿರುವಲ್ಲಿ ಕಾವಲನ್ನು ಹೆಚ್ಚಿಸುವುದರಿಂದ ಹಿಂಸೆ ತಗ್ಗಲಾರದು.

ಲೈಂಗಿಕ ದೌರ್ಜನ್ಯವು ಹೊರಗಿಡುವಿಕೆಯ ಫಲ. ಆದ್ದರಿಂದ ಅದರ ತಡೆಯೂ ಒಳಗೊಳ್ಳುವಿಕೆಯಿಂದಲೇ ಆರಂಭವಾಗಬೇಕು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಭೂಮಿ, ಕೂಲಿ, ಭಾಷೆ, ನ್ಯಾಯಸ್ಥಾನ ಮತ್ತು ವಿದ್ಯಾಸಂಸ್ಥೆಗಳಿಂದ ಯಾರು ಹೊರಗುಳಿದಿದ್ದಾರೆಯೋ ಅವರೇ ಈ ಹಿಂಸೆಗೆ ಸುಲಭವಾಗಿ ಸಿಗುವವರೂ ಆಗಿದ್ದಾರೆ. ಈ ಸಂಬಂಧವನ್ನು ಕನ್ನಡದ ಪದಸಂಪತ್ತು, ಎರಡು ಕನ್ನಡ ಕೃತಿಗಳು, ಭಾರತೀಯ ಕಾನೂನಿನ ಕೆಲವು ಘಟ್ಟಗಳು ಹಾಗೂ ವಿಶ್ವವಿದ್ಯಾಲಯದ ಆವರಣ ಎಂಬ ನಾಲ್ಕು ನೆಲೆಗಳಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

೨. ಪದಗಳ ಲೋಕದೃಷ್ಟಿ

ಒಂದು ಭಾಷೆಯು ಹಿಂಸೆಗೆ ಯಾವ ಹೆಸರನ್ನು ಕೊಡುತ್ತದೆ ಎಂಬುದು ಆ ಹಿಂಸೆಯನ್ನು ಸಮಾಜವು ಯಾರ ಕಡೆಯಿಂದ ನೋಡುತ್ತಿದೆ ಎಂಬುದರ ಸೂಚಿಯೂ ಹೌದು. 'ಮಾನಭಂಗ' ಎಂಬ ಪದದಲ್ಲಿ ಮುರಿಯುವುದು ದೇಹವೂ ಅಲ್ಲ, ಮನಸ್ಸೂ ಅಲ್ಲ, ಮಾನ. ಈ ಮಾನವು ಹೆಣ್ಣಿನ ಸ್ವಂತದ್ದಾಗಿರುವುದಕ್ಕಿಂತ ಮನೆತನದ್ದು, ಕುಲದ್ದು ಆಗಿರುತ್ತದೆ. ಹಾಗಾಗಿ ಮಾನವಂತ ಕುಲದವರು ಎಂದು ಎಣಿಸಲ್ಪಡದ ಹೆಣ್ಣಿನ ವಿಷಯದಲ್ಲಿ ಭಂಗವಾಗುವುದಕ್ಕೆ ಏನಿದೆ ಎಂಬ ಕ್ರೂರವಾದ ತರ್ಕಕ್ಕೆ ಈ ಪದವು ತನಗರಿವಿಲ್ಲದಂತೆಯೇ ಎಡೆಮಾಡಿಕೊಡುತ್ತದೆ. 'ಶೀಲ ಕಳೆದುಕೊಂಡಳು' ಎಂಬ ವಾಕ್ಯದಲ್ಲಿ ಕಳೆದುಕೊಂಡವಳೇ ಕರ್ತೃವಾಗುತ್ತಾಳೆ. ಕಸಿದವನಿಗೆ ವಾಕ್ಯದಲ್ಲಿ ಸ್ಥಾನವೇ ಇಲ್ಲ.

'ಅತ್ಯಾಚಾರ' ಎಂಬುದು ಅತಿ ಮತ್ತು ಆಚಾರ ಸೇರಿ ಆದ ಪದ. ಆಚಾರದ ಎಲ್ಲೆಯನ್ನು ಮೀರಿದ್ದು ಎಂಬುದು ಅದರ ಮೂಲಾರ್ಥ. ಹಿಂದಿಯಲ್ಲಿ ಈ ಪದಕ್ಕೆ ದಬ್ಬಾಳಿಕೆ ಎಂಬ ಸಾಮಾನ್ಯವಾದ ಅರ್ಥವೇ ಇದ್ದರೆ, ಕನ್ನಡದ ಇಂದಿನ ಬಳಕೆಯಲ್ಲಿ ಅದು ಲೈಂಗಿಕ ಆಕ್ರಮಣಕ್ಕೆ ಸೀಮಿತಗೊಂಡಿದೆ. ಇಲ್ಲಿಯೂ ಉಲ್ಲಂಘನೆಯಾದದ್ದು ಆಚಾರ, ವ್ಯಕ್ತಿಯಲ್ಲ. ಆಚಾರವೇ ಯಾವುದಾದರೊಂದು ಶೋಷಣೆಗೆ ಒಪ್ಪಿಗೆ ಕೊಟ್ಟಿದ್ದರೆ, ಉದಾಹರಣೆಗೆ ಬಾಲ್ಯವಿವಾಹ ಅಥವಾ ದೇವದಾಸಿ ಪದ್ಧತಿಯಲ್ಲಿ, ಆ ಹಿಂಸೆಯನ್ನು ಗುರುತಿಸಲು ಈ ಪದವು ಸಾಲುವುದಿಲ್ಲ. 'ಬಲಾತ್ಕಾರ' ಎಂಬುದು ಬಲಪ್ರಯೋಗವನ್ನು ಮುಂದುಮಾಡುವ ಪದ. ಬಲದ ಗುರುತು ಮೈಮೇಲೆ ಕಾಣದಿದ್ದರೆ ಅಪರಾಧವೇ ನಡೆದಿಲ್ಲ ಎಂಬ ವಾದಕ್ಕೆ ಅದು ಸಮೀಪದ್ದಾಗುತ್ತದೆ.

ಆಡುಮಾತಿನಲ್ಲಿ 'ಕೆಡು' ಎಂಬ ಅಕರ್ಮಕ ಧಾತುವೂ ಅದರ ಪ್ರೇರಣಾರ್ಥಕ ರೂಪವಾದ 'ಕೆಡಿಸು' ಎಂಬುದೂ ಬಳಕೆಯಲ್ಲಿವೆ. 'ಅವನು ಅವಳನ್ನು ಕೆಡಿಸಿದ' ಎಂಬ ಮಾತು ಒಂದೆರಡು ದಿನ ಉಳಿದರೆ 'ಅವಳು ಕೆಟ್ಟವಳು' ಎಂಬ ಮಾತು ಜೀವನಪರ್ಯಂತ ಉಳಿಯುತ್ತದೆ. ಪ್ರೇರಣಾರ್ಥಕ ಪ್ರತ್ಯಯದೊಡನೆ ಅಪರಾಧಿಯೂ ಮರೆಯಾಗುವ ಈ ಕ್ರಮವು ಕೇವಲ ವ್ಯಾಕರಣದ ಸಂಗತಿಯಲ್ಲ. 'ಕಿರುಕುಳ' ಎಂಬ ಪದದಲ್ಲಿರುವ ಕಿರಿದುತನ, 'ಚುಡಾಯಿಸು' ಎಂಬಲ್ಲಿರುವ ವಿನೋದದ ಛಾಯೆ ಇವೂ ಗಮನಾರ್ಹ. 'ಒಪ್ಪಿಗೆ' ಎಂಬ ಪದವಂತೂ ವಿಶೇಷ ಪರಿಶೀಲನೆಗೆ ಯೋಗ್ಯವಾದುದು. ಮದುವೆಯ ಮಾತುಕತೆಯಲ್ಲಿ 'ಹುಡುಗಿ ಒಪ್ಪಿಗೆಯಾದಳು' ಎಂದರೆ ಹುಡುಗಿ ಒಪ್ಪಿದಳೆಂದು ಅರ್ಥವಲ್ಲ. ಗಂಡಿನ ಕಡೆಯವರು ಅವಳನ್ನು ಒಪ್ಪಿದರೆಂದು ಅರ್ಥ. ಸಮ್ಮತಿಯ ಪರಿಕಲ್ಪನೆಗೆ ಬೇಕಾದ ಪದವಿದ್ದೂ ಅದರ ಕರ್ತೃಸ್ಥಾನದಲ್ಲಿ ಹೆಣ್ಣನ್ನು ಇರಿಸುವ ರೂಢಿ ದುರ್ಬಲವಾಗಿದೆ.

ಪದಗಳನ್ನು ಬದಲಿಸಿದ ಮಾತ್ರಕ್ಕೆ ಹಿಂಸೆ ನಿಲ್ಲುವುದಿಲ್ಲ ಎಂಬ ಆಕ್ಷೇಪವು ಸರಿಯಾದುದೇ. ಆದರೆ ದೂರು ಬರೆದುಕೊಳ್ಳುವ ಪೇದೆ, ವರದಿ ಬರೆಯುವ ಪತ್ರಕರ್ತ, ತೀರ್ಪು ಬರೆಯುವ ನ್ಯಾಯಾಧೀಶ ಇವರೆಲ್ಲರೂ ಬಳಸುವುದು ಈ ಪದಗಳನ್ನೇ. ಲಿಂಗಸಂಬಂಧಿ ಪೂರ್ವಗ್ರಹಗಳನ್ನು ಎದುರಿಸುವ ಕುರಿತು ಸರ್ವೋಚ್ಚ ನ್ಯಾಯಾಲಯವು ೨೦೨೩ರ ಆಗಸ್ಟ್‌ನಲ್ಲಿ ಒಂದು ಕೈಪಿಡಿಯನ್ನು ಪ್ರಕಟಿಸಿ, ತೀರ್ಪುಗಳಲ್ಲಿ ಬಳಸಬಾರದ ಪದಗಳನ್ನೂ ಅವುಗಳಿಗೆ ಬದಲಾದ ಪದಗಳನ್ನೂ ಪಟ್ಟಿ ಮಾಡಿದುದರ ಹಿನ್ನೆಲೆ ಇದೇ. ಆ ಪಟ್ಟಿ ಇಂಗ್ಲಿಷ್ ಪದಗಳದು. ಠಾಣೆಯಲ್ಲಿಯೂ ಕೆಳಹಂತದ ನ್ಯಾಯಾಲಯಗಳಲ್ಲಿಯೂ ವ್ಯವಹಾರದ ಭಾಷೆ ಕನ್ನಡವಾಗಿರುವುದರಿಂದ ಕನ್ನಡ ಪದಗಳ ಇಂತಹ ಪರಿಶೀಲನೆ ಕನ್ನಡ ವಿಭಾಗಗಳ ಹೊಣೆಯಾಗುತ್ತದೆ.

೩. ಸೈರಂಧ್ರಿಯ ದೂರು

ಕುಮಾರವ್ಯಾಸನ ಭಾರತದ ವಿರಾಟಪರ್ವದಲ್ಲಿ ಬರುವ ಕೀಚಕನ ಪ್ರಸಂಗವನ್ನು ಕನ್ನಡ ತರಗತಿಗಳಲ್ಲಿ ಬಹುಕಾಲದಿಂದ ಓದಿಸಲಾಗುತ್ತಿದೆ. ಶೃಂಗಾರಾಭಾಸ, ರೌದ್ರ, ಭೀಮನ ಪರಾಕ್ರಮ, ರೂಪಕಗಳ ವೈಭವ ಇವುಗಳ ಮೇಲೆ ವ್ಯಾಖ್ಯಾನವು ನೆಲೆಗೊಳ್ಳುವುದು ರೂಢಿ. ಈ ಕಥಾಭಾಗಕ್ಕೆ ಸಲ್ಲುವ ಹೆಸರೇ 'ಕೀಚಕವಧೆ'. ಕೊಂದವನೂ ಸತ್ತವನೂ ಈ ಹೆಸರಿನಲ್ಲಿ ಸೂಚಿತರಾಗಿದ್ದಾರೆ. ದೂರು ಕೊಟ್ಟವಳು ಇಲ್ಲ.

ದೂರು ಕೊಟ್ಟವಳ ಕಡೆಯಿಂದ ನೋಡಿದರೆ ಈ ಪ್ರಸಂಗವು ಉದ್ಯೋಗಸ್ಥಳದ ಲೈಂಗಿಕ ದೌರ್ಜನ್ಯದ ಅತ್ಯಂತ ವಿವರವಾದ ನಿರೂಪಣೆಯಾಗಿ ಕಾಣುತ್ತದೆ. ದ್ರೌಪದಿಯು ಹೆಸರು, ಕುಲ, ಬಂಧುಬಳಗಗಳನ್ನೆಲ್ಲ ಮರೆಸಿಕೊಂಡು ಸೈರಂಧ್ರಿಯಾಗಿ ಅರಮನೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಕೀಚಕನು ರಾಣಿಯ ತಮ್ಮ. ರಾಜ್ಯದ ಸೇನಾಬಲವು ಅವನ ಕೈಯಲ್ಲಿದೆ. ಅವನ ಉದ್ದೇಶದ ಅರಿವಿದ್ದೂ ರಾಣಿ ಸುದೇಷ್ಣೆಯು ಸೈರಂಧ್ರಿಯನ್ನು ಅವನ ಮನೆಗೆ ಕಳುಹಿಸುತ್ತಾಳೆ. ಒಡತಿಯ ಆಜ್ಞೆಯನ್ನು ನಿರಾಕರಿಸುವ ಸ್ವಾತಂತ್ರ್ಯ ಕೆಲಸದವಳಿಗಿಲ್ಲ. ತಪ್ಪಿಸಿಕೊಂಡು ಓಡಿಬಂದು ರಾಜಸಭೆಯಲ್ಲಿ ಮೊರೆಯಿಟ್ಟಾಗ ಕೀಚಕನು ಸಭೆಯ ಎದುರಿನಲ್ಲಿಯೇ ಅವಳನ್ನು ಒದೆಯುತ್ತಾನೆ. ವಿರಾಟನಿಗೆ ಸೇನಾನಿಯನ್ನು ಎದುರುಹಾಕಿಕೊಳ್ಳುವ ಧೈರ್ಯವಿಲ್ಲ; ಸಭೆಗೆ ಮಾತಿಲ್ಲ. ಕೀಚಕನ ಮರಣಾನಂತರ ಉಪಕೀಚಕರು ಅವನ ಚಿತೆಯೊಡನೆ ಅವಳನ್ನೂ ಸುಡಲು ಎಳೆದೊಯ್ಯುತ್ತಾರೆ. ಕೊನೆಯಲ್ಲಿ ಊರು ಬಿಟ್ಟು ಹೋಗಬೇಕೆಂಬ ಸೂಚನೆ ಬರುವುದೂ ಅವಳಿಗೇ ಎಂಬುದು ಮಹಾಭಾರತದ ಕಥಾಪರಂಪರೆಯ ವಿವರ. ಒಡತಿಯ ಶಾಮೀಲು, ಆಡಳಿತದ ಭಯ, ಸಾಕ್ಷಿಗಳ ಮೌನ, ಆರೋಪಿಯ ಬಳಗದ ಸೇಡು, ದೂರುದಾರಳನ್ನೇ ಹೊರಗೆ ಹಾಕುವ ಪರಿಹಾರ, ಇವೆಲ್ಲವೂ ಇಂದಿನ ಸಂಸ್ಥೆಗಳಲ್ಲಿಯೂ ಇದೇ ಕ್ರಮದಲ್ಲಿ ನಡೆಯುತ್ತವೆ.

ಇಲ್ಲಿ ಎರಡು ಅಂಶಗಳನ್ನು ಪ್ರತ್ಯೇಕಿಸಿ ಹೇಳಬೇಕಾಗಿದೆ. ಮೊದಲನೆಯದಾಗಿ, ದ್ರುಪದನ ಮಗಳೆಂಬ ಗುರುತು ಬಹಿರಂಗವಾಗಿದ್ದಿದ್ದರೆ ಕೀಚಕನು ಇಷ್ಟು ನಿರ್ಭೀತನಾಗಿರುತ್ತಿರಲಿಲ್ಲ. ಹೆಣ್ಣು ಅದೇ, ದೇಹ ಅದೇ. ಬದಲಾದದ್ದು ಅವಳ ಸಾಮಾಜಿಕ ಸ್ಥಾನ. ತನಗೆ ಐವರು ಗಂಧರ್ವ ಪತಿಗಳಿದ್ದಾರೆಂದು ಅವಳು ಹೇಳಿಕೊಳ್ಳಬೇಕಾಗುವುದೂ ಇದೇ ಕಾರಣದಿಂದ. ಕೆಲಸದವಳ 'ಬೇಡ' ಎಂಬ ಮಾತಿಗೆ ತನ್ನಷ್ಟಕ್ಕೆ ಬೆಲೆಯಿಲ್ಲ. ಕಣ್ಣಿಗೆ ಕಾಣದ ಗಂಡಸರ ಬೆಂಬಲವಾದರೂ ಅದಕ್ಕೆ ಬೇಕು. ಎರಡನೆಯದಾಗಿ, ಅವಳಿಗೆ ದೊರೆತದ್ದು ರಾತ್ರಿಯ ಕತ್ತಲಲ್ಲಿ ಗಂಡನೊಬ್ಬನು ನೆರವೇರಿಸಿದ ಪ್ರತೀಕಾರ. ಸಭೆಯು ಮೊದಲು ಹೇಗಿತ್ತೋ ಹಾಗೆಯೇ ಉಳಿಯಿತು. ಭೀಮನಿಲ್ಲದ ಸೈರಂಧ್ರಿಯರ ಗತಿಯೇನು ಎಂಬ ಪ್ರಶ್ನೆಗೆ ಆ ಕಥೆಯಲ್ಲಿ ಉತ್ತರವಿಲ್ಲ.

೪. ಬೆಳ್ಳಿ: ಭೂಮಿ, ಸಾಲ ಮತ್ತು ದೇಹ

ಅಂತಹ ಭೀಮನಿಲ್ಲದ ಹೆಣ್ಣೊಬ್ಬಳು ಆಧುನಿಕ ಕನ್ನಡ ಕಾದಂಬರಿಯಲ್ಲಿ ಕಾಣಿಸಿಕೊಳ್ಳುತ್ತಾಳೆ. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿಯು ಕಳೆದ ಶತಮಾನದ ಮೂವತ್ತರ ದಶಕದ ಆರಂಭದ ಕೃತಿ, ಬಿ. ವಿ. ಕಾರಂತರ ನಿರ್ದೇಶನದಲ್ಲಿ ೧೯೭೫ರಲ್ಲಿ ಚಲನಚಿತ್ರವೂ ಆಯಿತು. ಬೇಸಾಯ ಮಾಡಬೇಕೆಂಬ ಚೋಮನ ಆಸೆ ಮತ್ತು ಅದರ ಭಂಗವನ್ನು ಕೇಂದ್ರವಾಗಿಟ್ಟುಕೊಂಡು ಈ ಕೃತಿಯನ್ನು ಓದುವುದು ವಾಡಿಕೆ. ಮಗಳಾದ ಬೆಳ್ಳಿಯ ಕಥೆಯನ್ನು ಚೋಮನ ದುರಂತದ ಒಂದು ಉಪಕಥೆಯೆಂದು ಪರಿಗಣಿಸಲಾಗುತ್ತದೆ. ಆದರೆ ಈ ಎರಡು ಕಥೆಗಳ ನಡುವೆ ಕಾರ್ಯಕಾರಣ ಸಂಬಂಧವಿದೆ.

ಚೋಮನ ಬಳಿ ಎತ್ತುಗಳಿವೆ, ದುಡಿಯುವ ಮಕ್ಕಳಿದ್ದಾರೆ. ಆದರೆ ಅಸ್ಪೃಶ್ಯನು ಬೇಸಾಯಗಾರನಾಗಬಾರದೆಂಬ ಕಟ್ಟಳೆಯಿಂದ ಅವನಿಗೆ ಗೇಣಿಗೆ ಭೂಮಿ ಸಿಗುವುದಿಲ್ಲ. ಧಣಿ ಸಂಕಪ್ಪಯ್ಯನ ಮನಸ್ಸು ಮೆತ್ತಗಾದರೂ ಮನೆಯ ಹಿರಿಯರ ಸಂಪ್ರದಾಯ ಅಡ್ಡಬರುತ್ತದೆ. ಭೂಮಿಯಿಂದ ಹೊರಗಿಡಲ್ಪಟ್ಟ ಕುಟುಂಬವು ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಮಕ್ಕಳನ್ನು ಕಳುಹಿಸಬೇಕಾಗುತ್ತದೆ. ಗಂಡುಮಕ್ಕಳಿಂದ ಸಾಲ ತೀರದಿದ್ದಾಗ ಬೆಳ್ಳಿ ಹೋಗುತ್ತಾಳೆ. ಅಲ್ಲಿ ಸಾಲದ ಲೆಕ್ಕ ಚುಕ್ತಾ ಆಗುವುದು ಅವಳ ದುಡಿಮೆಯ ಬೆಲೆಯಿಂದಲ್ಲ. ಊರಿನ ಜಾತಿವ್ಯವಸ್ಥೆಯು ಹೊರಗೆ ತಳ್ಳಿದ ದೇಹವನ್ನು ತೋಟದ ಹಣದ ವ್ಯವಸ್ಥೆಯು ಒಳಗೆ ಎಳೆದುಕೊಂಡಿತು. ಬೆಳ್ಳಿಯ ಮೇಲಾದ ಹಿಂಸೆಯು ಒಬ್ಬ ದುಷ್ಟನ ಕೃತ್ಯವಾಗಿ ಆರಂಭವಾದುದಲ್ಲ. ಅದು ಗೇಣಿ ನಿರಾಕರಿಸಿದ ದಿನವೇ ಆರಂಭವಾಯಿತು.

ಬೆಳ್ಳಿಗೆ ತೋಟದ ಮನ್ವೇಲನ ಮೇಲೆ ಮನಸ್ಸೂ ಇದೆ ಎಂಬುದು ಈ ಓದನ್ನು ಜಟಿಲಗೊಳಿಸುತ್ತದೆ. ಸಾಲದ ಪಟ್ಟಿ ಯಾರ ಕೈಯಲ್ಲಿದೆಯೋ ಅವರ ಮುಂದೆ ನಿಂತ ಹೆಣ್ಣಿನ ಒಲವು ಎಷ್ಟರಮಟ್ಟಿಗೆ ಸ್ವತಂತ್ರವಾದುದು ಎಂಬ ಪ್ರಶ್ನೆಯನ್ನು ಕಾದಂಬರಿಯು ಓದುಗನ ಮುಂದಿಡುತ್ತದೆ. ಅವಳಿಗೆ ಆಸೆಗಳೇ ಇಲ್ಲವೆಂದು ಹೇಳಿ ಅವಳನ್ನು ಕೇವಲ ಬಲಿಪಶುವಾಗಿ ಚಿತ್ರಿಸುವುದು ಸುಲಭವಾಗಿತ್ತು. ಹಾಗೆ ಮಾಡದಿರುವುದರಿಂದಲೇ ಒಪ್ಪಿಗೆ ಮತ್ತು ನಿರುಪಾಯಗಳ ನಡುವಣ ಗೆರೆಯನ್ನು ಕೃತಿಯು ಪರೀಕ್ಷೆಗೆ ಒಡ್ಡುತ್ತದೆ. ಕೊನೆಯಲ್ಲಿ ತಂದೆಯ ಕೋಪವು ತಿರುಗುವುದು ಧಣಿಯ ಮೇಲಾಗಲಿ ತೋಟದ ಒಡೆಯನ ಮೇಲಾಗಲಿ ಅಲ್ಲ, ಬೆಳ್ಳಿಯ ಮೇಲೆ. ಅಧೀನನಾದ ಗಂಡಸು ತನಗಿಂತ ಅಧೀನಳಾದವಳ ಮೇಲೆ ಅಧಿಕಾರ ಚಲಾಯಿಸುವ ಈ ಬಗೆಯನ್ನು ಗುರುತಿಸದೆ ಜಾತಿ ಮತ್ತು ಲಿಂಗದ ಸಂಬಂಧವನ್ನು ವಿವರಿಸಲಾಗದು. ನೀಲನು ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆಯೆಂದು ಅವನನ್ನು ಎತ್ತುವವರಿರಲಿಲ್ಲ. ಅಸ್ಪೃಶ್ಯತೆಯು ಜೀವ ಉಳಿಸುವ ಸ್ಪರ್ಶವನ್ನು ತಡೆಯಿತೇ ಹೊರತು ಶೋಷಣೆಯ ಸ್ಪರ್ಶದಿಂದ ಯಾರನ್ನೂ ಕಾಪಾಡಲಿಲ್ಲ.

೫. ನ್ಯಾಯಸ್ಥಾನದ ಭಾಷೆ

ಕಾದಂಬರಿಯಲ್ಲಿ ಕಾಣುವ ಈ ತರ್ಕವು ನ್ಯಾಯಾಲಯಗಳಲ್ಲಿಯೂ ಪ್ರತಿಧ್ವನಿಸಿದೆ. ಮಥುರಾ ಪ್ರಕರಣವೆಂದು ಹೆಸರಾದ ಘಟನೆಯಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ೧೯೭೨ರ ಮಾರ್ಚ್‌ನಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದುದಾಗಿ ಪೊಲೀಸರ ಮೇಲೆ ಆರೋಪ ಬಂದಿತು. ಸೆಷನ್ಸ್ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿತು. ಉಚ್ಚ ನ್ಯಾಯಾಲಯವು ಶಿಕ್ಷೆ ವಿಧಿಸಿತು. ೧೯೭೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮತ್ತೆ ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತುಗಳಿಲ್ಲ, ಪ್ರತಿರೋಧ ಕಾಣುವುದಿಲ್ಲ ಎಂಬುದು ಆ ತೀರ್ಪಿನ ಮುಖ್ಯ ಆಧಾರವಾಗಿತ್ತು. ರಾತ್ರಿಯ ವೇಳೆ ಠಾಣೆಯೊಳಗೆ ಸಿಲುಕಿದ ಬಡ ಆದಿವಾಸಿ ಹುಡುಗಿಯು ಸಮವಸ್ತ್ರದ ಅಧಿಕಾರವನ್ನು ಹೇಗೆ ಪ್ರತಿರೋಧಿಸಬಹುದಾಗಿತ್ತು ಎಂಬ ಪ್ರಶ್ನೆಯನ್ನು ೧೯೭೯ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು ಬಹಿರಂಗ ಪತ್ರದಲ್ಲಿ ಎತ್ತಿದರು. ಮಣಿಯುವುದು ಬೇರೆ, ಸಮ್ಮತಿಸುವುದು ಬೇರೆ ಎಂಬುದು ಅವರ ವಾದದ ತಿರುಳು. ದೇಶದಾದ್ಯಂತ ಮಹಿಳಾ ಸಂಘಟನೆಗಳು ನಡೆಸಿದ ಹೋರಾಟದ ಫಲವಾಗಿ ೧೯೮೩ರಲ್ಲಿ ಕಾನೂನು ತಿದ್ದುಪಡಿಯಾಗಿ, ಕಸ್ಟಡಿಯಲ್ಲಿ ನಡೆದ ಅತ್ಯಾಚಾರದಲ್ಲಿ ಒಪ್ಪಿಗೆ ಇರಲಿಲ್ಲವೆಂದು ಹೆಣ್ಣು ಹೇಳಿದರೆ ನ್ಯಾಯಾಲಯವು ಹಾಗೆಯೇ ಭಾವಿಸಬೇಕೆಂಬ ನಿಯಮ ಬಂದಿತು. ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ನಂತರ ಬಂದ ೨೦೧೩ರ ತಿದ್ದುಪಡಿಯು ಒಪ್ಪಿಗೆಯನ್ನು ಸ್ಪಷ್ಟವೂ ಸ್ವಯಂಪ್ರೇರಿತವೂ ಆದ ಸಮ್ಮತಿಯೆಂದು ವ್ಯಾಖ್ಯಾನಿಸಿ, ಪ್ರತಿರೋಧವಿಲ್ಲದಿರುವುದೇ ಒಪ್ಪಿಗೆಯಲ್ಲವೆಂದು ವಿಧಿಸಿತು.

ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿಯವರ ಪ್ರಕರಣ ಇನ್ನೊಂದು ಘಟ್ಟ. ಕುಂಬಾರ ಜಾತಿಗೆ ಸೇರಿದ ಅವರು ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿ ದುಡಿಯುತ್ತಿದ್ದರು. ಪ್ರಬಲ ಜಾತಿಯ ಕುಟುಂಬವೊಂದರಲ್ಲಿ ನಡೆಯಲಿದ್ದ ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದುದಕ್ಕಾಗಿ ೧೯೯೨ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ೧೯೯೫ರಲ್ಲಿ ಜೈಪುರದ ನ್ಯಾಯಾಲಯವು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಮೇಲ್ಜಾತಿಯವರು ಕೆಳಜಾತಿಯ ಹೆಣ್ಣನ್ನು ಮುಟ್ಟಲಾರರು ಎಂಬರ್ಥದ ತರ್ಕವು ಆ ತೀರ್ಪಿನಲ್ಲಿ ಸೇರಿದ್ದುದು ವ್ಯಾಪಕ ಖಂಡನೆಗೆ ಗುರಿಯಾಯಿತು. ಬೆಳ್ಳಿಯ ಕಥೆಯನ್ನು ಓದಿದ ಯಾವ ಕನ್ನಡ ವಿದ್ಯಾರ್ಥಿಯೂ ಈ ತರ್ಕವನ್ನು ನಂಬಲಾರನು. ಸರ್ಕಾರದ ಕೆಲಸವನ್ನು ಮಾಡುವಾಗ ನಡೆದ ಹಿಂಸೆಗೆ ಕೆಲಸ ಕೊಟ್ಟವರ ಹೊಣೆಯೇನು ಎಂಬ ಪ್ರಶ್ನೆಯನ್ನು ಮುಂದಿಟ್ಟು ವಿಶಾಖಾ ಮೊದಲಾದ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ೧೯೯೭ರ ಆಗಸ್ಟ್ ೧೩ರಂದು ಬಂದ ವಿಶಾಖಾ ತೀರ್ಪು ಉದ್ಯೋಗಸ್ಥಳದ ಲೈಂಗಿಕ ಕಿರುಕುಳವನ್ನು ಸಮಾನತೆಯ ಹಕ್ಕಿನ ಉಲ್ಲಂಘನೆಯೆಂದು ಗುರುತಿಸಿತು. ವೈಯಕ್ತಿಕ ಮಾನದ ಪ್ರಶ್ನೆಯಾಗಿದ್ದುದು ಸಂವಿಧಾನದತ್ತ ಸಮಾನತೆಯ ಪ್ರಶ್ನೆಯಾದುದು ಈ ತೀರ್ಪಿನ ಮಹತ್ತ್ವ. ಆ ಮಾರ್ಗಸೂಚಿಗಳೇ ೨೦೧೩ರಲ್ಲಿ ಕಾನೂನಾದವು. ಭಂವರಿ ದೇವಿಯವರ ಪ್ರಕರಣದ ಮೇಲ್ಮನವಿ ಮಾತ್ರ ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು. ಒಬ್ಬ ಕುಂಬಾರ ಹೆಣ್ಣಿನ ನೋವಿನಿಂದ ಲಕ್ಷಾಂತರ ಉದ್ಯೋಗಸ್ಥ ಮಹಿಳೆಯರಿಗೆ ಕಾನೂನು ದೊರೆಯಿತು. ಆಕೆಗೆ ನ್ಯಾಯ ದೊರೆಯಲಿಲ್ಲ.

ಹಲವು ಅಧೀನತೆಗಳು ಒಬ್ಬರಲ್ಲಿಯೇ ಕೂಡಿದಾಗ ಆಗುವ ಹಿಂಸೆಯನ್ನು ಬಿಡಿಬಿಡಿಯಾಗಿ ನೋಡಿದರೆ ಅದು ಅರ್ಥವಾಗದು ಎಂಬ ವಿಚಾರವನ್ನು ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ ೧೯೮೯ರಲ್ಲಿ ಮಂಡಿಸಿದರು. ಪಾಟಣ್ ಜಮಾಲ್ ವಲಿ ಪ್ರಕರಣದ ೨೦೨೧ರ ತೀರ್ಪಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವೂ ಈ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿತು. ದೌರ್ಜನ್ಯಕ್ಕೆ ಒಳಗಾದವಳು ಪರಿಶಿಷ್ಟ ಜಾತಿಯ ಅಂಧ ಯುವತಿ. ಜಾತಿ, ಲಿಂಗ ಮತ್ತು ಅಂಗವೈಕಲ್ಯಗಳು ಒಟ್ಟಾಗಿ ಹಿಂಸೆಗೆ ಎಡೆಮಾಡಿಕೊಡುವ ಬಗೆಯನ್ನು ನ್ಯಾಯಾಲಯವು ವಿವರಿಸಿತು. ಆದರೂ ದೌರ್ಜನ್ಯ ತಡೆ ಕಾಯಿದೆಯಡಿ ನೀಡಿದ್ದ ಶಿಕ್ಷೆಯು ಸಾಕ್ಷ್ಯದ ಕೊರತೆಯಿಂದ ಉಳಿಯಲಿಲ್ಲ. ತಿಳಿವಳಿಕೆಯು ತೀರ್ಪಿನ ವಿವೇಚನೆಯೊಳಗೆ ಬಂದರೂ ಸಾಕ್ಷ್ಯವನ್ನು ಕಲೆಹಾಕುವ ತನಿಖೆಯ ಹಂತಕ್ಕೆ ಅದು ಇಳಿದಿಲ್ಲವೆಂಬುದನ್ನು ಇದು ಸೂಚಿಸುತ್ತದೆ.

ಕಾನೂನು ಇನ್ನೂ ಹೊರಗೇ ಇಟ್ಟಿರುವ ನೆಲೆಗಳಿವೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡನು ನಡೆಸುವ ಬಲಾತ್ಕಾರವು ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗುಳಿದಿದೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳ ತಲಾಖ್, ಮರುಮದುವೆಗಳನ್ನೆಲ್ಲ ಇತರರು ತೀರ್ಮಾನಿಸುತ್ತಾರೆ; ಅವಳ ಒಪ್ಪಿಗೆ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ದಾಂಪತ್ಯದೊಳಗಿನ ಒಪ್ಪಿಗೆಯ ಪ್ರಶ್ನೆಯು ಯಾವುದೇ ಒಂದು ಮತಕ್ಕೆ ಸೀಮಿತವಾದುದಲ್ಲ ಎಂಬುದಕ್ಕೆ ಸಂಹಿತೆಯ ಈ ವಿನಾಯಿತಿಯೇ ಸಾಕ್ಷಿ. ೨೦೧೯ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕಾಯಿದೆಯು ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಆರು ತಿಂಗಳಿಂದ ಎರಡು ವರ್ಷಗಳವರೆಗಿನ ಶಿಕ್ಷೆಯನ್ನು ಮಾತ್ರ ವಿಧಿಸುತ್ತದೆ. ಒಂದೇ ಬಗೆಯ ಹಿಂಸೆಗೆ ದೇಹದ ಗುರುತಿನ ಮೇಲೆ ಬೇರೆ ಬೇರೆ ಬೆಲೆ ಕಟ್ಟುವ ಈ ಕ್ರಮವೂ ಹೊರಗಿಡುವಿಕೆಯೇ.

೬. ಒಳಗೊಳ್ಳುವಿಕೆಯ ಅರ್ಥ: ದೇವದಾಸಿ ಪದ್ಧತಿಯ ಅನುಭವ

ಕೇವಲ ನಿಷೇಧದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿಯಲು ಕರ್ನಾಟಕದ ದೇವದಾಸಿ ಪದ್ಧತಿಯ ಅನುಭವವು ಮುಖ್ಯ. ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿಯೇ ಕಾನೂನು ಬಂದಿತ್ತು. ಕರ್ನಾಟಕವು ೧೯೮೨ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಆದರೂ ೧೯೯೩-೯೪ರ ಸಮೀಕ್ಷೆಯಲ್ಲಿ ೨೨,೮೭೩ ಮಂದಿ, ೨೦೦೭-೦೮ರ ಸಮೀಕ್ಷೆಯಲ್ಲಿ ಮತ್ತೆ ೨೩,೭೮೭ ಮಂದಿ ಗುರುತಿಸಲ್ಪಟ್ಟರು. ಇವರಲ್ಲಿ ಬಹುಪಾಲು ಉತ್ತರ ಕರ್ನಾಟಕದ ಜಿಲ್ಲೆಗಳ ದಲಿತ ಸಮುದಾಯದವರು. ಇಲ್ಲಿ ಆಚಾರವೇ ಬಡ ದಲಿತ ಹೆಣ್ಣಿನ ದೇಹವನ್ನು ಊರಿನ ಬಲಾಢ್ಯರಿಗೆ ಒದಗಿಸಿಕೊಡುತ್ತದೆ. ಭೂಮಿಯಿಲ್ಲದ, ದುಡಿಯುವ ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ತಂದೆತಾಯಿಯರ ಮುಪ್ಪಿನ ಆಸರೆಯಾಗುತ್ತಾಳೆ. ಆ ಆಸರೆಗೆ ಬದಲಿ ವ್ಯವಸ್ಥೆ ಇಲ್ಲದಿದ್ದರೆ ನಿಷೇಧವು ಸಮರ್ಪಣೆಯನ್ನು ಗುಡಿಯ ಅಂಗಳದಿಂದ ಮನೆಯ ಒಳಕೋಣೆಗೆ ಸರಿಸುತ್ತದೆಯಷ್ಟೆ.

ಬದಲಾವಣೆಯ ಲಕ್ಷಣಗಳು ಕಂಡುಬಂದದ್ದು ಆ ಮಹಿಳೆಯರೇ ಸಂಘಟಿತರಾದಲ್ಲಿ. ಮಾಜಿ ದೇವದಾಸಿಯರೇ ಸದಸ್ಯರಾಗಿರುವ, ಘಟಪ್ರಭಾದ ಮಹಿಳಾ ಅಭಿವೃದ್ಧಿ ಹಾಗೂ ಸಂರಕ್ಷಣಾ ಸಂಸ್ಥೆಯಂತಹ ಸಂಘಟನೆಗಳು ಸಮರ್ಪಣೆಯನ್ನು ತಡೆಯುವ ಕೆಲಸವನ್ನು ಮನೆ, ಸಾಲ, ಮಕ್ಕಳ ಶಿಕ್ಷಣಗಳ ಕೆಲಸದೊಡನೆ ಸೇರಿಸಿಕೊಂಡವು. ೧೯೮೯ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮದ ಗ್ರಾಮಸಂಘಗಳಲ್ಲಿಯೂ ಭೂರಹಿತ ದಲಿತ ಮಹಿಳೆಯರು ಒಟ್ಟಾಗಿ ಕುಳಿತು ಕೂಲಿ, ಪಡಿತರ, ಹಿಂಸೆಗಳ ಬಗ್ಗೆ ಮಾತನಾಡುವ ಅವಕಾಶ ಒದಗಿತು. ಮುತ್ತು ಕಟ್ಟುವ ದಿನ ಯಾವುದು, ಯಾವ ಮನೆಯಲ್ಲಿ ಎಂಬುದು ಅಧಿಕಾರಿಗಳಿಗಿಂತ ಮೊದಲು ನೆರೆಮನೆಯ ಹೆಣ್ಣಿಗೆ ಗೊತ್ತಾಗುತ್ತದೆ. ಅವಳು ಮಾತನಾಡಿದರೆ ಅವಳ ಕೂಲಿ ನಿಲ್ಲದಂತೆ ನೋಡಿಕೊಳ್ಳುವ ಬಲವು ಸಂಘಕ್ಕೆ ಇರಬೇಕು. ಒಳಗೊಳ್ಳುವಿಕೆಯೆಂದರೆ ಸಭೆಯಲ್ಲಿ ಒಂದು ಕುರ್ಚಿ ಕೊಡುವುದಲ್ಲ. 'ಬೇಡ' ಎಂದವಳು ಮರುದಿನವೂ ಬದುಕಲು ಬೇಕಾದ ಆಧಾರವನ್ನು ಒದಗಿಸುವುದು.

೭. ವಿಶ್ವವಿದ್ಯಾಲಯವೆಂಬ ಸಭೆ

ವಿರಾಟನ ಸಭೆಯ ಬಗೆಗೆ ಪಾಠ ಹೇಳುವ ಸಂಸ್ಥೆಯೂ ಒಂದು ಸಭೆಯೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ೨೦೧೫ರ ನಿಯಮಾವಳಿಯು ಈ ದೃಷ್ಟಿಯಿಂದ ಗಮನಾರ್ಹ ದಾಖಲೆ. ಮಹಿಳಾ ನೌಕರರ ಜೊತೆಗೆ ವಿದ್ಯಾರ್ಥಿನಿಯರನ್ನೂ ಅದು ರಕ್ಷಣೆಯ ವ್ಯಾಪ್ತಿಗೆ ತಂದಿತು. ಕೆಲವು ಗಂಡು ವಿದ್ಯಾರ್ಥಿಗಳೂ ತೃತೀಯ ಲಿಂಗದ ವಿದ್ಯಾರ್ಥಿಗಳೂ ದೌರ್ಜನ್ಯಕ್ಕೆ ಒಳಗಾಗಬಲ್ಲರೆಂದು ಒಪ್ಪಿಕೊಂಡಿತು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರುಗಳಲ್ಲಿ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಸಮಿತಿಯಲ್ಲಿರಬೇಕು; ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಮೊದಲಾದ ಹುದ್ದೆಯಲ್ಲಿರುವವರು ಅದರ ಸದಸ್ಯರಾಗಬಾರದು. ಸುರಕ್ಷತೆಯ ನೆಪದಲ್ಲಿ ಹೆಣ್ಣುಮಕ್ಕಳ ವಸತಿನಿಲಯಗಳಿಗೆ ಗಂಡುಮಕ್ಕಳದಕ್ಕಿಂತ ಭಿನ್ನವಾದ ಕಟ್ಟಳೆಗಳನ್ನು ಹೇರಬಾರದೆಂದೂ ಆ ನಿಯಮಾವಳಿ ಹೇಳುತ್ತದೆ. ಕಾವಲಿನ ಬದಲು ಒಳಗೊಳ್ಳುವಿಕೆ ಎಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಅಧಿಕೃತ ಮನ್ನಣೆ ಬೇಕಿಲ್ಲ. ಗ್ರಂಥಾಲಯವು ರಾತ್ರಿ ಹತ್ತರವರೆಗೆ ತೆರೆದಿದ್ದು ಹೆಣ್ಣುಮಕ್ಕಳ ನಿಲಯದ ಬಾಗಿಲು ಏಳಕ್ಕೇ ಮುಚ್ಚಿದರೆ ಅಲ್ಲಿ ಕಾಪಾಡಲ್ಪಟ್ಟದ್ದು ಯಾರು, ಕಳೆದುಕೊಂಡದ್ದು ಯಾರು ಎಂಬುದು ಕೇಳಬೇಕಾದ ಪ್ರಶ್ನೆ.

ನಿಯಮಗಳಿದ್ದ ಮಾತ್ರಕ್ಕೆ ಸಾಲದು ಎಂಬುದನ್ನು ಸರ್ವೋಚ್ಚ ನ್ಯಾಯಾಲಯವೇ ೨೦೨೩ರ ಮೇ ತಿಂಗಳಲ್ಲಿ ಔರೆಲಿಯಾನೊ ಫರ್ನಾಂಡಿಸ್ ಪ್ರಕರಣದಲ್ಲಿ ಎತ್ತಿ ತೋರಿಸಿತು. ೨೦೧೩ರ ಕಾನೂನಿನ ಜಾರಿಯಲ್ಲಿ ಗಂಭೀರವಾದ ಲೋಪಗಳಿವೆಯೆಂದು ಅದು ಹೇಳಿತು. ಕನ್ನಡ ವಿಭಾಗಗಳ ಮಟ್ಟಿಗೆ ಈ ಲೋಪಗಳನ್ನು ಅಧಿಕಾರ ಸಂಬಂಧಗಳ ನೆಲೆಯಲ್ಲಿ ನೋಡಬೇಕು. ಸಂಶೋಧನಾ ವಿದ್ಯಾರ್ಥಿನಿಯ ಪ್ರಗತಿ ವರದಿ, ಶಿಷ್ಯವೇತನ, ಮಹಾಪ್ರಬಂಧ ಎಲ್ಲವೂ ಮಾರ್ಗದರ್ಶಕರೊಬ್ಬರ ಸಹಿಯನ್ನು ಅವಲಂಬಿಸಿವೆ. ಅತಿಥಿ ಉಪನ್ಯಾಸಕಿಯ ಮುಂದಿನ ವರ್ಷದ ಕೆಲಸವು ಮುಖ್ಯಸ್ಥರ ಕೃಪೆಯ ಮೇಲಿದೆ. ಹೊರಗುತ್ತಿಗೆಯ ಸ್ವಚ್ಛತಾ ಕೆಲಸಗಾರ್ತಿಗೆ ತನ್ನ ಮಾಲೀಕರು ಯಾರೆಂಬುದೇ ಸ್ಪಷ್ಟವಿರುವುದಿಲ್ಲ. ೨೦೧೩ರ ಕಾನೂನು ತಾತ್ಕಾಲಿಕ, ದಿನಗೂಲಿ, ಗುತ್ತಿಗೆ ನೌಕರರೆಲ್ಲರನ್ನೂ 'ಉದ್ಯೋಗಿ' ಎಂಬ ವ್ಯಾಖ್ಯೆಯೊಳಗೆ ಸೇರಿಸಿದೆ. ಆದರೆ ಸಮಿತಿಯ ಫಲಕವು ಇಂಗ್ಲಿಷಿನಲ್ಲಿ, ಆಡಳಿತ ಕಟ್ಟಡದ ಮೇಲಂತಸ್ತಿನಲ್ಲಿ ಇದ್ದರೆ ಆ ವ್ಯಾಖ್ಯೆಯು ಅವಳನ್ನು ತಲುಪುವುದಿಲ್ಲ.

ಇದಕ್ಕೆ ಪರಿಹಾರಗಳು ದುಬಾರಿಯವಲ್ಲ. ಪ್ರತಿಯೊಬ್ಬ ಸಂಶೋಧನಾರ್ಥಿಗೂ ಸಹಮಾರ್ಗದರ್ಶಕರೊಬ್ಬರಿದ್ದು, ಕಾರಣ ಹೇಳದೆಯೇ ಮಾರ್ಗದರ್ಶಕರನ್ನು ಬದಲಿಸಿಕೊಳ್ಳುವ ಅವಕಾಶವಿದ್ದರೆ ಏಕೈಕ ಸಹಿಯ ಅಧಿಕಾರ ಕುಗ್ಗುತ್ತದೆ. ದೂರಿನ ಕ್ರಮವನ್ನು ಸರಳ ಕನ್ನಡದಲ್ಲಿ ಬರೆದು, ಓದಲು ಬಾರದವರಿಗೆ ಓದಿ ಹೇಳಬೇಕು. ಅಂಧ ಹಾಗೂ ಶ್ರವಣದೋಷವುಳ್ಳ ವಿದ್ಯಾರ್ಥಿಗಳಿಗೆ ತಕ್ಕ ರೂಪದಲ್ಲಿ ಒದಗಿಸಬೇಕು. ಸಮಿತಿಯಲ್ಲಿ ದಲಿತ, ಆದಿವಾಸಿ ಮತ್ತು ಅಲ್ಪಸಂಖ್ಯಾತ ಮಹಿಳೆಯರು ಇರುವುದು ಪ್ರಾತಿನಿಧ್ಯದ ಅಲಂಕಾರವಲ್ಲ. ದೂರಿನ ಹಿಂದಿರುವ ಭಯವನ್ನು ಗುರುತಿಸುವ ಅನುಭವವು ವಿಚಾರಣೆಯೊಳಗೆ ಬರುವ ದಾರಿ. ವಿಚಾರಣೆಯ ಅವಧಿಯಲ್ಲಿ ಸ್ಥಳ ಬದಲಿಸಬೇಕಾಗಿ ಬಂದರೆ ದೂರುದಾರಳ ಇಚ್ಛೆಗೆ ವಿರುದ್ಧವಾಗಿ ಅವಳನ್ನು ಕದಲಿಸಬಾರದು. ಸೈರಂಧ್ರಿಗೆ ಊರು ಬಿಡಲು ಹೇಳಿದ ತಪ್ಪು ಮರುಕಳಿಸಬಾರದು.

೮. ಉಪಸಂಹಾರ

ಸೈರಂಧ್ರಿ, ಬೆಳ್ಳಿ, ದೇಸಾಯಿಗಂಜಿನ ಹುಡುಗಿ, ಭಟೇರಿಯ ಸಾಥಿನ್ ಇವರ ಕಾಲ, ದೇಶ, ಸಂದರ್ಭಗಳು ಬೇರೆ ಬೇರೆ. ಆದರೆ ಹಿಂಸೆಗೆ ಮೊದಲೇ ಅವರೆಲ್ಲರನ್ನೂ ಯಾವುದೋ ಒಂದು ವೃತ್ತದ ಹೊರಗೆ ನಿಲ್ಲಿಸಲಾಗಿತ್ತು ಎಂಬುದು ಸಮಾನವಾದ ಅಂಶ. ಕುಲದ ಬೆಂಬಲ, ಭೂಮಿಯ ಹಕ್ಕು, ಕಾನೂನಿನ ಭಾಷೆ, ಉದ್ಯೋಗದ ಭದ್ರತೆ ಇವುಗಳಲ್ಲಿ ಒಂದೊಂದರ ಅಭಾವವೂ ದೌರ್ಜನ್ಯಕ್ಕೆ ಹಾದಿ ಮಾಡಿಕೊಟ್ಟಿತು. ಆದಕಾರಣ ತಡೆಯ ಕೆಲಸವು ಘಟನೆಯ ರಾತ್ರಿಯಿಂದ ಆರಂಭವಾಗದೆ, ಹೊರಗಿಟ್ಟ ದಿನದಿಂದ ಆರಂಭವಾಗಬೇಕು.

ಈ ಕೆಲಸದಲ್ಲಿ ಕನ್ನಡ ಅಧ್ಯಯನದ ಪಾಲು ಕಡಿಮೆಯದಲ್ಲ. ಠಾಣೆ, ಆಸ್ಪತ್ರೆ ಮತ್ತು ನ್ಯಾಯಾಲಯಗಳಲ್ಲಿ ಬಳಕೆಯಾಗುವ ಕನ್ನಡ ಪದಗಳ ಪರಿಶೀಲನೆ, ದೂರು ಬರೆಯುವ ಭಾಷೆಯ ಸುಧಾರಣೆ, ಪಠ್ಯಗಳಲ್ಲಿ ಮೌನವಾಗಿ ನಿಂತಿರುವ ಹೆಣ್ಣುಗಳ ಕಡೆಯಿಂದ ನಡೆಸುವ ಮರುಓದು ಇವು ಸಂಶೋಧನೆಗೆ ಯೋಗ್ಯವಾದ ಕ್ಷೇತ್ರಗಳು. ಕೀಚಕವಧೆಯ ಪಾಠದಲ್ಲಿ ಭೀಮನ ಬಲವನ್ನು ವರ್ಣಿಸುವ ಅಧ್ಯಾಪಕರು ಸಭೆಯ ಮೌನವನ್ನೂ ಅಷ್ಟೇ ವಿವರವಾಗಿ ಚರ್ಚಿಸಿದರೆ, ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು ಏನನ್ನೋ ಹೇಳಲು ಹಿಂಜರಿಯುತ್ತಿರುವ ವಿದ್ಯಾರ್ಥಿನಿಗೆ ಇಲ್ಲಿ ಕೇಳುವವರಿದ್ದಾರೆ ಎಂಬ ಸೂಚನೆ ದೊರೆಯುತ್ತದೆ. ಕೇಳುವವರಿಲ್ಲ ಎಂಬ ಧೈರ್ಯದ ಮೇಲೆ ನಿಂತ ಹಿಂಸೆಯು ಕುಸಿಯಲಾರಂಭಿಸುವುದು ಅಂತಹ ಸೂಚನೆಗಳು ಸಂಸ್ಥೆಯ ನಡವಳಿಕೆಯಾಗಿ ಬೆಳೆದಾಗ.